ಡಿಸಿ ತಗೊಳ್ಳೋದಾ, ಲೆಜೆಂಡರಿ ತಗೊಳ್ಳೋದಾ? ಸೂಪರ್‌ಹೀರೋ ಕಾರ್ಡ್ ಆಟ ಕೊಳ್ಳುವ ಮುಂಚೆ

ಮುಂಬಯಿಯ ಮಾಟುಂಗದಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಹೋದಾಗ, ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ, ಪುಣೆಯ ನೆಂಟರ ಫೋನಿನಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ. "ಭಾನುವಾರ ನಿಮ್ಮನೇಲಿ ಮಕ್ಕಳು ಸೂಪರ್‌ಹೀರೋ ಕಾರ್ಡ್ ಆಡ್ತಾರಲ್ಲ, ಅದರಲ್ಲಿ ಯಾವುದು ತಗೊಳ್ಳೋದು?" ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಹೋಲಿಸುತ್ತಿರುವುದು ಎರಡು ಆಟ: ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಇರುವ ಡಿಸಿ ಕಾಮಿಕ್ಸ್‌ನ ಆಟ, ಸ್ಪೈಡರ್‌ಮ್ಯಾನ್ ಇರುವ ಮಾರ್ವೆಲ್ ಕಾಮಿಕ್ಸ್‌ನ 'ಲೆಜೆಂಡರಿ'.

ಅವಸರ ಇದ್ದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಎಲ್ಲರೂ ಹೊಸಬರಾದರೆ ಡಿಸಿ ಆಟ ತಗೊಳ್ಳಿ. ಎಲ್ಲರೂ ಒಂದೇ ಪಕ್ಷವಾಗಿ ಆಡಬೇಕು, ಅಥವಾ ಒಬ್ಬರೇ ಕೂತು ಆಡಬೇಕು ಅನ್ನುವುದಾದರೆ ಮಾರ್ವೆಲ್ ಲೆಜೆಂಡರಿ ತಗೊಳ್ಳಿ. ಪೆಟ್ಟಿಗೆ ಮೇಲೆ ಬ್ಯಾಟ್‌ಮ್ಯಾನ್ ಇದ್ದಾನಾ, ಸ್ಪೈಡರ್‌ಮ್ಯಾನ್ ಇದ್ದಾನಾ ಅಂತ ನೋಡಿ ಮಾತ್ರ ಕೊಳ್ಳಬೇಡಿ. ಎರಡರ ಚಿತ್ರಗಳೂ ಚೆನ್ನಾಗಿವೆ. ಆದರೆ ಆಡುವಾಗ ಇವೆರಡು ಒಂದಕ್ಕೊಂದು ಬಹಳ ದೂರ.

ಹೋಲಿಸಲು ಏನೇನು ಬೇಕು

ಒಂದು ಚೀಟಿ, ಒಂದು ಪೆನ್ನು, ಇಸ್ಪೀಟಿನ ಹತ್ತು ಎಲೆ, ಅರ್ಧ ಗಂಟೆ ಸಮಯ. ಪೆಟ್ಟಿಗೆ ಇನ್ನೂ ಕೊಂಡಿರಬೇಕಾಗಿಲ್ಲ.

ಹಂತ 1: 'ಡೆಕ್ ಬಿಲ್ಡಿಂಗ್' ಅಂದರೇನು, ತಿಳಿದುಕೊಳ್ಳಿ

ರಮ್ಮಿಯಲ್ಲಿ ಎಲ್ಲರಿಗೂ ಸೇರಿ ಒಂದೇ ಇಸ್ಪೀಟು ಕಟ್ಟು. ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಟ್ಟು. ಆ ಕಟ್ಟಿಗೇ ಡೆಕ್ ಅನ್ನುತ್ತಾರೆ. ಶುರುವಿನಲ್ಲಿ ಎಲ್ಲರ ಹತ್ತಿರವೂ ಒಂದೇ ಥರದ, ಶಕ್ತಿ ಇಲ್ಲದ ಎಲೆಗಳು. ನಿಮ್ಮ ಸರದಿಯಲ್ಲಿ ಕೈಯಲ್ಲಿರುವ ಎಲೆಗಳನ್ನೇ ದುಡ್ಡಿನ ಥರ ಬಳಸಿ, ಮೇಜಿನ ನಡುವೆ ಇಟ್ಟಿರುವ ಒಳ್ಳೆಯ ಎಲೆ ಕೊಳ್ಳುತ್ತೀರಿ. ಆಟ ಮುಂದುವರಿದ ಹಾಗೆ ನಿಮ್ಮ ಕಟ್ಟು ಬೆಳೆಯುತ್ತದೆ.

ಹೊಸಬರು ಎಡವುವುದು ಇಲ್ಲೇ. ಕೊಂಡ ಎಲೆ ಕೈಗೆ ಬರುವುದಿಲ್ಲ. ಅದು ನಿಮ್ಮ ಎದುರಿನ 'ಬಿಟ್ಟ ಎಲೆಗಳ ರಾಶಿ'ಗೆ ಹೋಗುತ್ತದೆ. ಎಳೆಯುವ ಕಟ್ಟು ಖಾಲಿಯಾದಾಗ ಆ ರಾಶಿಯನ್ನು ಕಲಸಿ ಹೊಸ ಕಟ್ಟು ಮಾಡುತ್ತೀರಿ. ಆಮೇಲೆ ಅದು ಕೈಗೆ ಬರಬೇಕು. ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸಿಗುವುದು ಬೆಳಿಗ್ಗೆ ಅಲ್ವಾ, ಹಾಗೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ದುಬಾರಿ ಎಲೆ ಕೊಂಡ ಮಗು "ನಂಗೆ ಈಗ್ಲೇ ಬೇಕು" ಅಂತ ಮುಖ ಸಣ್ಣ ಮಾಡುತ್ತದೆ.

ಈ ಜಾತಿಯ ಆಟಕ್ಕೆ ದಾರಿ ಹಾಕಿದ್ದು 2008ರಲ್ಲಿ ಬಂದ ಡೊಮಿನಿಯನ್. ಅದರಲ್ಲಿ ಸೂಪರ್‌ಹೀರೋಗಳಿಲ್ಲ. ನಾವು ಹೋಲಿಸುತ್ತಿರುವ ಎರಡೂ ಬಂದದ್ದು 2012ರಲ್ಲಿ. ಡಿಸಿ ಕಾಮಿಕ್ಸ್ ಡೆಕ್ ಬಿಲ್ಡಿಂಗ್ ಗೇಮ್ ಕ್ರಿಪ್ಟೋಜೋಯಿಕ್ ಕಂಪನಿಯದ್ದು. ಮಾರ್ವೆಲ್ ಲೆಜೆಂಡರಿ ಅಪ್ಪರ್ ಡೆಕ್ ಕಂಪನಿಯದ್ದು.

ಎಚ್ಚರಿಕೆ: ಮಾರ್ವೆಲ್ ಚಾಂಪಿಯನ್ಸ್ ಅಂತ ಇನ್ನೊಂದಿದೆ, 2019ರದ್ದು. ಬಹಳ ಒಳ್ಳೆಯ ಆಟ. ಆದರೆ ಅದು ಈ ಜಾತಿಯದ್ದಲ್ಲ. ಅದರಲ್ಲಿ ಆಟ ಶುರುವಾಗುವ ಮುಂಚೆಯೇ 40ರಿಂದ 50 ಎಲೆಗಳ ಕಟ್ಟು ಜೋಡಿಸಿಟ್ಟುಕೊಂಡು ಕೂರಬೇಕು. ಆಡುವಾಗ ಏನೂ ಕೊಳ್ಳುವುದಿಲ್ಲ, ಒಂದು ಎಲೆ ಆಡಲು ಕೈಯಲ್ಲಿರುವ ಬೇರೆ ಎಲೆಗಳನ್ನು ಬಿಟ್ಟುಕೊಡಬೇಕು. ಫೋನಿನಲ್ಲಿ ಆಡುವ ಮಾರ್ವೆಲ್ ಸ್ನ್ಯಾಪ್ ಕೂಡ ಹಾಗೇ, 12 ಎಲೆಗಳನ್ನು ಮೊದಲೇ ಆರಿಸಿಟ್ಟಿರಬೇಕು. ಅಂಗಡಿಯಲ್ಲಿ ಇವೆಲ್ಲ ಒಂದೇ ಕಪಾಟಿನಲ್ಲಿ ಇರುತ್ತವೆ. ಹೆಸರು ಸರಿಯಾಗಿ ಓದಿ.

ಹಂತ 2: ಮೇಜಿಗೆ ಯಾರು ಕೂರುತ್ತಾರೆ, ಚೀಟಿಯಲ್ಲಿ ಬರೆಯಿರಿ

ಹೆಸರು, ವಯಸ್ಸು, ಇಂಗ್ಲಿಷ್ ಸಲೀಸಾಗಿ ಓದುತ್ತಾರಾ, ಸೋತರೆ ಅಳುತ್ತಾರಾ. ಇಷ್ಟು ಬರೆಯಿರಿ. ಸಣ್ಣ ವಿಷಯ ಅನಿಸಬಹುದು, ಆದರೆ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ.

ಡಿಸಿ ಆಟಕ್ಕೆ 2ರಿಂದ 5 ಜನ. ಲೆಜೆಂಡರಿಗೆ 1ರಿಂದ 5. ಪೆಟ್ಟಿಗೆ ಮೇಲೆ ಡಿಸಿಗೆ 15 ವರ್ಷ, ಲೆಜೆಂಡರಿಗೆ 14 ವರ್ಷ ಅಂತ ಇದೆ. ದೊಡ್ಡವರು ಜೊತೆಗಿದ್ದರೆ ಹತ್ತು ವರ್ಷದ ಮಕ್ಕಳೂ ಡಿಸಿ ಆಡುತ್ತಾರೆ, ನಮ್ಮ ಮನೆಯಲ್ಲಿ ಆಡುತ್ತಿದ್ದಾರೆ. ಲೆಜೆಂಡರಿಗೆ ಇನ್ನೊಂದೆರಡು ವರ್ಷ ಕಾಯುವುದು ಒಳ್ಳೆಯದು.

ಎರಡರಲ್ಲೂ ಎಲೆಗಳ ಮೇಲಿನ ಬರಹ ಇಂಗ್ಲಿಷಿನಲ್ಲಿದೆ. ಮುಂಬಯಿಯ ನಮ್ಮ ಮಕ್ಕಳಿಗೆ ಅದು ಕಷ್ಟವಲ್ಲ. ಮನೆಯ ಹಿರಿಯರಿಗೆ ಕಷ್ಟವಾಗಬಹುದು. ನಮ್ಮ ಅಮ್ಮನಿಗೆ ಇಂಗ್ಲಿಷ್ ಬಾರದು. ಡಿಸಿಯಲ್ಲಿ ಅವರು ಎಲೆಯ ಮೇಲಿನ ಅಂಕಿ ಮತ್ತು ಬೆಲೆ ನೋಡಿಕೊಂಡೇ ಮುಕ್ಕಾಲು ಆಟ ಆಡಿಬಿಡುತ್ತಾರೆ. ಲೆಜೆಂಡರಿಯಲ್ಲಿ ಮೊಮ್ಮಗಳು ಪಕ್ಕ ಕೂತು ಪ್ರತಿ ಎಲೆಯನ್ನೂ ಕನ್ನಡದಲ್ಲಿ ಹೇಳಬೇಕು. ಅದಕ್ಕೂ ಒಂದು ಲಾಭ ಇದೆ ಅನ್ನಿ. ಶಾಲೆಯಲ್ಲಿ ಹಿಂದಿ, ಆಟದ ಮೈದಾನದಲ್ಲಿ ಮರಾಠಿ, ಹೀಗಿರುವ ಮಗು ಎರಡು ಗಂಟೆ ಅಜ್ಜಿಯ ಹತ್ತಿರ ಕನ್ನಡದಲ್ಲೇ ಮಾತಾಡುತ್ತದೆ. ನನಗೆ ಈ ಆಟ ಇಷ್ಟವಾಗಲು ಅದೇ ದೊಡ್ಡ ಕಾರಣ.

ಹಂತ 3: ಇಸ್ಪೀಟಿನ ಹತ್ತು ಎಲೆಯಲ್ಲಿ ಡಿಸಿ ಆಟದ ಶುರು ಆಡಿ ನೋಡಿ

ಇಸ್ಪೀಟಿನಿಂದ 7 ಕೆಂಪು, 3 ಕಪ್ಪು ಎಲೆ ತೆಗೆಯಿರಿ. ಡಿಸಿಯಲ್ಲಿ ನಿಮ್ಮ ಮೊದಲ ಕಟ್ಟು ಇಷ್ಟೇ: 7 'ಪಂಚ್', 3 'ವಲ್ನರೆಬಿಲಿಟಿ'. ಒಂದು ಪಂಚ್ ಅಂದರೆ ಒಂದು 'ಪವರ್', ಅಂದರೆ ಒಂದು ರೂಪಾಯಿ ಅಂದುಕೊಳ್ಳಿ. ವಲ್ನರೆಬಿಲಿಟಿಗೆ ಬೆಲೆ ಸೊನ್ನೆ, ಸುಮ್ನೆ ಕೈಯಲ್ಲಿ ಜಾಗ ತಿನ್ನುತ್ತದೆ.

ಕಲಸಿ, 5 ಎಲೆ ಎಳೆಯಿರಿ. ಕೆಂಪು ಎಷ್ಟು ಬಂತೋ ಅಷ್ಟು ಪವರ್. ಬಿಟ್ಟು, ಮುಂದಿನ 5 ಎಳೆಯಿರಿ. ಎರಡು ಸರದಿ ಸೇರಿ ಯಾವಾಗಲೂ 7 ಪವರ್. ಹತ್ತು ಎಲೆಯೂ ಕೈಗೆ ಬಂದು ಹೋಗುತ್ತವಲ್ಲ, ಅದಕ್ಕೆ. ಆರು ಸಲ ಆಡಿದರೆ ಐದು ಸಲ 4 ಮತ್ತು 3 ಅಂತ ಒಡೆಯುತ್ತದೆ. ಉಳಿದದ್ದು 5 ಮತ್ತು 2.

ಈಗ ಇದನ್ನು ನೋಡಿ. ಸರಾಸರಿ ಒಂದು ಕೈಗೆ ಮೂರೂವರೆ ಪವರ್. ಆ ಮೂರು ಕಪ್ಪು ಎಲೆ ಪಕ್ಕಕ್ಕಿಟ್ಟು ಏಳು ಕೆಂಪು ಮಾತ್ರ ಇಟ್ಟುಕೊಂಡು ಎಳೆಯಿರಿ. ಪ್ರತಿ ಸಲ 5! ಒಂದೂ ಹೊಸ ಎಲೆ ಕೊಳ್ಳದೆ ಶಕ್ತಿ ಹೆಚ್ಚಾಯಿತು. ಕೆಟ್ಟ ಎಲೆಯನ್ನು ಕಟ್ಟಿನಿಂದ ಪೂರ್ತಿ ಹೊರಗೆ ಹಾಕುವುದಕ್ಕೆ ಡಿಸಿಯಲ್ಲಿ 'ಡಿಸ್ಟ್ರಾಯ್', ಲೆಜೆಂಡರಿಯಲ್ಲಿ 'ಕೆಒ' ಅನ್ನುತ್ತಾರೆ. ಹಾಗೆ ಮಾಡಲು ಬಿಡುವ ಎಲೆ ಕಂಡರೆ ಕೊಳ್ಳಿ. ಹೊಸಬರು ದೊಡ್ಡ ಅಂಕಿಯ ಎಲೆಯನ್ನೇ ನೋಡುತ್ತಾರೆ. ಅನುಭವ ಇದ್ದವರು ಕಟ್ಟು ತೆಳ್ಳಗೆ ಮಾಡುತ್ತಾರೆ. ಈ ಒಂದು ವಿಷಯ ಅರ್ಥವಾದರೆ ಎರಡೂ ಆಟ ಅರ್ಧ ಬಂದ ಹಾಗೆ.

ಮುಂದಿನದು ಸುಲಭ. ಮೇಜಿನ ನಡುವೆ 5 ಎಲೆ ತೆರೆದಿರುತ್ತವೆ, ಅದಕ್ಕೆ 'ಲೈನ್ ಅಪ್' ಅನ್ನುತ್ತಾರೆ. ಅದರಲ್ಲಿ ಏನೂ ಹಿಡಿಸದಿದ್ದರೆ ಪಕ್ಕದಲ್ಲಿ 'ಕಿಕ್' ಎಲೆಗಳ ರಾಶಿ ಇದೆ. ಬೆಲೆ 3, ಕೊಡುವುದು 2 ಪವರ್. ಮೊದಲ ಎರಡು ಸರದಿಯಲ್ಲಿ ಒಂದು ಕಿಕ್ ಕೊಂಡರೆ ತಪ್ಪಲ್ಲ. ಒಬ್ಬೊಬ್ಬರ ಮುಂದೆ ಒಂದು ದೊಡ್ಡ ಹೀರೋ ಎಲೆ ಇರುತ್ತದೆ, ಅದು ಕಟ್ಟಿಗೆ ಸೇರುವುದಿಲ್ಲ. ಆ ಹೀರೋ ಏನು ಕೊಳ್ಳಬೇಕೆಂದು ದಾರಿ ತೋರಿಸುತ್ತಾನೆ. ಬ್ಯಾಟ್‌ಮ್ಯಾನ್ ಆದರೆ 'ಇಕ್ವಿಪ್‌ಮೆಂಟ್', ಅಂದರೆ ಸಲಕರಣೆ ಎಲೆ ಆಡಿದಾಗೆಲ್ಲ ಒಂದು ಪವರ್ ಜಾಸ್ತಿ. ಸೂಪರ್‌ಮ್ಯಾನ್ ಆದರೆ ಬೇರೆ ಬೇರೆ 'ಸೂಪರ್ ಪವರ್' ಎಲೆಗಳಿಗೆ ಜಾಸ್ತಿ. ಹೊಸಬರಿಗೆ ಈ ಇಬ್ಬರಲ್ಲಿ ಒಬ್ಬರನ್ನು ಕೊಡಿ. ಏನು ಹುಡುಕಬೇಕು ಅನ್ನುವುದು ತಕ್ಷಣ ಹೊಳೆಯುತ್ತದೆ.

ಮಕ್ಕಳು ಕೇಳೇ ಕೇಳುತ್ತಾರೆ: ಖಳನಾಯಕನ ಎಲೆ ನನ್ನ ಕಟ್ಟಿಗೆ ಯಾಕೆ ಬರಬೇಕು? ಡಿಸಿಯಲ್ಲಿ ಹಾಗೇ. ಪವರ್ ಕೊಟ್ಟು ವಿಲನ್‌ನನ್ನು ಸೋಲಿಸಿದರೆ ಅವನು ನಿಮ್ಮ ಕಟ್ಟಿಗೆ ಸೇರುತ್ತಾನೆ. ಆಮೇಲೆ ಅವನನ್ನೇ ಬೇರೆಯವರ ಮೇಲೆ ಬಿಡಬಹುದು. 'ಅಟ್ಯಾಕ್' ಅಂತ ಬರೆದ ಎಲೆ ಆಡಿದರೆ ಎದುರಿನವರಿಗೆ ಪೆಟ್ಟು. ಕೆಲವು ಅಟ್ಯಾಕ್‌ಗಳಿಂದ 'ವೀಕ್‌ನೆಸ್' ಎಲೆ ಸೇರಿಕೊಳ್ಳುತ್ತದೆ, ಕೊನೆಯ ಲೆಕ್ಕದಲ್ಲಿ ಅದಕ್ಕೆ ಒಂದು ಪಾಯಿಂಟ್ ಕಳೆಯಬೇಕು. 'ಡಿಫೆನ್ಸ್' ಎಲೆ ಕೈಯಲ್ಲಿದ್ದರೆ ತಪ್ಪಿಸಿಕೊಳ್ಳಬಹುದು. ಅಣ್ಣ ತಮ್ಮಂದಿರು ಜಗಳ ಆಡುವ ಮನೆಯಾದರೆ ಇದನ್ನು ಯೋಚಿಸಿ ನೋಡಿ.

ಪಕ್ಕದಲ್ಲಿ 'ಸೂಪರ್ ವಿಲನ್'ಗಳ ರಾಶಿ ಇರುತ್ತದೆ. ಮೊದಲನೆಯವನು ಯಾವಾಗಲೂ ರಾಸ್ ಅಲ್ ಗುಲ್, ಬೆಲೆ 8. ಒಂದು ಸರದಿಯಲ್ಲಿ ಒಬ್ಬನನ್ನು ಮಾತ್ರ ಸೋಲಿಸಬಹುದು. ರಾಶಿ ಮುಗಿದರೆ ಆಟ ಮುಗಿಯಿತು, ಎಲ್ಲರ ಎಲೆಗಳ ಪಾಯಿಂಟ್ ಕೂಡಿಸಿದರೆ ಗೆದ್ದವರು ಗೊತ್ತಾಗುತ್ತದೆ.

ಹಂತ 4: ಲೆಜೆಂಡರಿಯಲ್ಲಿ ಏನು ಬೇರೆ, ಗಮನಿಸಿ

ಇಲ್ಲಿ ದುಡ್ಡು ಎರಡು ಥರ. 'ರಿಕ್ರೂಟ್' ಅಂದರೆ ಹೀರೋಗಳನ್ನು ಸೇರಿಸಿಕೊಳ್ಳುವ ಶಕ್ತಿ, 'ಅಟ್ಯಾಕ್' ಅಂದರೆ ಹೊಡೆಯುವ ಶಕ್ತಿ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಮೊದಲ ಕಟ್ಟಿನಲ್ಲಿ 12 ಎಲೆ: 8 ಏಜೆಂಟರು ಒಂದೊಂದು ರಿಕ್ರೂಟ್ ಕೊಡುತ್ತಾರೆ, 4 ಟ್ರೂಪರ್‌ಗಳು ಒಂದೊಂದು ಅಟ್ಯಾಕ್. ಕೈಗೆ 6 ಎಲೆ. ಅಂದರೆ ಸರಾಸರಿ ಒಂದು ಸರದಿಗೆ 4 ರಿಕ್ರೂಟ್, 2 ಅಟ್ಯಾಕ್. ವಿಲನ್ ಕಡೆಯ ಪುಡಿ ಬಂಟರಿಗೆ 'ಹೆಂಚ್‌ಮೆನ್' ಅನ್ನುತ್ತಾರೆ, ಅವರನ್ನು ಹೊಡೆಯಲೂ 3 ಅಟ್ಯಾಕ್ ಬೇಕು. ಹಾಗಾಗಿ ಮೊದಮೊದಲು ಬಹಳ ಸಲ ಹೊಡೆಯಲು ಆಗುವುದಿಲ್ಲ. ಗಾಬರಿ ಆಗಬೇಡಿ, ಆಟ ಇರುವುದೇ ಹಾಗೆ. ಆ ಹೊತ್ತಿಗೆ ಹೀರೋಗಳನ್ನು ಸೇರಿಸಿ.

ಮೇಜಿನ ನಡುವೆ ಒಂದು ನಗರ. ಐದು ಜಾಗ: ಚರಂಡಿ, ಬ್ಯಾಂಕು, ಮನೆಗಳ ಮಾಳಿಗೆ, ಬೀದಿ, ಸೇತುವೆ. ಪ್ರತಿ ಸರದಿಯ ಶುರುವಿನಲ್ಲಿ ಖಳರ ಕಟ್ಟಿನಿಂದ ಒಂದು ಎಲೆ ತಿರುಗಿಸಬೇಕು. ಹೊಸ ವಿಲನ್ ಚರಂಡಿಯಿಂದ ಒಳಗೆ ಬಂದು ಮುಂದಿದ್ದವರನ್ನು ತಳ್ಳುತ್ತಾನೆ. ಸೇತುವೆ ದಾಟಿದವನು ತಪ್ಪಿಸಿಕೊಂಡ. ಆಗ ಎಲ್ಲರಿಗೂ ನಷ್ಟ. ಮೇಲೆ 'ಮಾಸ್ಟರ್‌ಮೈಂಡ್' ಕೂತಿರುತ್ತಾನೆ, ಎಲ್ಲದರ ಸೂತ್ರಧಾರ. ಅವನನ್ನು ನಾಲ್ಕು ಸಲ ಸೋಲಿಸಬೇಕು. ಅಷ್ಟರೊಳಗೆ ಅವನ ಸಂಚು, ಅಂದರೆ 'ಸ್ಕೀಮ್', ಮುಗಿದರೆ ಎಲ್ಲರೂ ಸೋತ ಹಾಗೆ.

ಈ ಭಯವೇ ಲೆಜೆಂಡರಿಯ ಸೊಗಸು. "ನೀನು ಬೀದೀಲಿ ಇರೋನನ್ನ ಹೊಡಿ, ಸೇತುವೆ ಮೇಲಿನವನು ನಂಗಿರಲಿ" ಅಂತ ಮಕ್ಕಳು ತಾವೇ ಹಂಚಿಕೊಳ್ಳುತ್ತಾರೆ. ಗೆದ್ದ ಮೇಲೆ ಪಾಯಿಂಟ್ ಎಣಿಸಿ ಯಾರು ಹೆಚ್ಚು ಅಂತ ನೋಡುವ ನಿಯಮ ಇದೆ. ಮಕ್ಕಳ ಜೊತೆ ಆಡುವಾಗ ನಾವು ಎಣಿಸುವುದಿಲ್ಲ.

ಇನ್ನೊಂದು ಸೊಗಸು ಎಲೆ ಆಡುವ ಕ್ರಮದಲ್ಲಿದೆ. ಹೀರೋ ಎಲೆಗಳ ಮೇಲೆ ಐದು ಬಣ್ಣದ ಗುರುತುಗಳಿವೆ. ಎಷ್ಟೋ ಎಲೆಗಳು ಅದೇ ಬಣ್ಣದ ಇನ್ನೊಂದು ಎಲೆ ಮೊದಲೇ ಆಡಿದ್ದರೆ ಮಾತ್ರ ಹೆಚ್ಚಿನ ಶಕ್ತಿ ಕೊಡುತ್ತವೆ. ಕೈಯಲ್ಲಿರುವುದನ್ನೆಲ್ಲ ಒಟ್ಟಿಗೆ ಮೇಜಿಗೆ ಹಾಕಬೇಡಿ. ಒಂದೊಂದಾಗಿ, ಯಾವುದರ ಹಿಂದೆ ಯಾವುದು ಅಂತ ಯೋಚಿಸಿ ಆಡಿ. ಡಿಸಿಯಲ್ಲಿ ಈ ಕ್ರಮಕ್ಕೆ ಇಷ್ಟು ಬೆಲೆ ಇಲ್ಲ. ಹಾಗಾಗಿ ಸ್ವಲ್ಪ ಆಡಿ ಪಳಗಿದವರಿಗೆ ಲೆಜೆಂಡರಿಯೇ ಹೆಚ್ಚು ದಿನ ರುಚಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮಾಸ್ಟರ್‌ಮೈಂಡ್‌ಗಳಲ್ಲಿ ರೆಡ್ ಸ್ಕಲ್‌ನನ್ನು ಹೊಡೆಯಲು 7 ಅಟ್ಯಾಕ್ ಬೇಕು, ಮ್ಯಾಗ್ನೀಟೋಗೆ 8, ಡಾಕ್ಟರ್ ಡೂಮ್‌ಗೆ 9, ಲೋಕಿಗೆ 10. ಮೊದಲ ದಿನ ರೆಡ್ ಸ್ಕಲ್. ಸಿನಿಮಾ ನೋಡಿದ ಮಕ್ಕಳು ಲೋಕಿಯೇ ಬೇಕು ಅನ್ನುತ್ತಾರೆ, ಒಪ್ಪಬೇಡಿ.

ಹಂತ 5: ಆಟ ಹೂಡುವ ಸಮಯ ಲೆಕ್ಕ ಹಾಕಿ

ಹೋಲಿಕೆಯಲ್ಲಿ ಬಹಳ ಜನ ಮರೆಯುವುದು ಇದನ್ನೇ. ಡಿಸಿಯಲ್ಲಿ ದೊಡ್ಡ ಕಟ್ಟು ಕಲಸಿ, ಐದು ಎಲೆ ತೆರೆದು, ಎಲ್ಲರಿಗೂ ಹತ್ತತ್ತು ಎಲೆ ಕೊಟ್ಟರೆ ಮುಗಿಯಿತು. ಹತ್ತು ನಿಮಿಷ ಸಾಕು.

ಲೆಜೆಂಡರಿ ಪೆಟ್ಟಿಗೆಯಲ್ಲಿ 500 ಎಲೆ. 15 ಹೀರೋಗಳಲ್ಲಿ ಸಾಮಾನ್ಯವಾಗಿ ಐವರನ್ನು ಆರಿಸಬೇಕು, ಒಬ್ಬೊಬ್ಬರದ್ದು 14 ಎಲೆ, ಒಟ್ಟು 70 ಕಲಸಬೇಕು. ಇಬ್ಬರೇ ಆಡುವುದಾದರೂ ಖಳರ ಕಟ್ಟಿಗೆ ಎರಡು ವಿಲನ್ ಗುಂಪು, ಒಂದು ಬಂಟರ ಗುಂಪು, ನಡುವೆ ಸಿಕ್ಕಿಕೊಳ್ಳುವ ಸಾಮಾನ್ಯ ಜನ, ಸಂಚಿನ ಎಲೆಗಳು ಎಲ್ಲ ಎಣಿಸಿ ಸೇರಿಸಬೇಕು. ಮೊದಲ ಸಲ ನಮಗೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಿತು. ಮುಗಿದ ಮೇಲೆ ಮತ್ತೆ ಬೇರ್ಪಡಿಸಬೇಕು. ದಿನಾ ಲೋಕಲ್ ಟ್ರೈನಿನಲ್ಲಿ ನಿಂತು ಬಂದು, ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಆಡೋಣ ಅನ್ನುವವರಿಗೆ ಡಿಸಿಯೇ ಸರಿ. ಲೆಜೆಂಡರಿ ರಜೆಯ ದಿನದ ಆಟ.

ಜಾಗವೂ ನೋಡಿ. ಲೆಜೆಂಡರಿಯ ಹಾಸು, ಅಂದರೆ ನಗರದ ಜಾಗಗಳನ್ನು ಗುರುತಿಸಿರುವ ಆಟದ ಹಲಗೆ, ಹರಡಿದರೆ ನಮ್ಮ ಊಟದ ಮೇಜು ಪೂರ್ತಿ ತುಂಬುತ್ತದೆ. ನಮ್ಮಂಥ ಸಣ್ಣ ಫ್ಲ್ಯಾಟಿನಲ್ಲಿ ಹಾಲ್‌ನಲ್ಲಿ ಜಮಖಾನ ಹಾಸಿ ಕೂರುವುದೇ ವಾಸಿ. ಜಮಖಾನದ ಮೇಲೆ ಎಲೆ ಜಾರುವುದಿಲ್ಲ, ಬೆರಳಿಗೆ ಸುಲಭವಾಗಿ ಸಿಗುತ್ತದೆ. ಫ್ಯಾನ್ ಎರಡರಲ್ಲಿ ಇಡಿ, ಐದರಲ್ಲಿಟ್ಟರೆ ನಗರವೆಲ್ಲ ಹಾರಿಹೋಗುತ್ತದೆ.

ಹಂತ 6: ಒಮ್ಮೆ ಆಡಿ, ಆಮೇಲೆ ಕೊಳ್ಳಿ

ಮುಂಬಯಿ, ಪುಣೆ, ಗೋವಾ ಮೂರೂ ಕಡೆ ಬೋರ್ಡ್ ಗೇಮ್ ಆಡುವ ಗುಂಪುಗಳೂ ಕೆಫೆಗಳೂ ಇವೆ. ಹೋಗುವ ಮುಂಚೆ ಫೋನ್ ಮಾಡಿ ಈ ಆಟ ಇದೆಯಾ ಕೇಳಿ. ಒಂದು ಮಧ್ಯಾಹ್ನ ಆಡಿದರೆ ಈ ಬರಹದಲ್ಲಿ ಹೇಳಲಾಗದ್ದೂ ತಿಳಿಯುತ್ತದೆ.

ಕೊಳ್ಳುವಾಗ ಒಂದು ದೊಡ್ಡ ಗುಂಡಿ ಇದೆ. 'ಎಕ್ಸ್‌ಪ್ಯಾನ್ಶನ್' ಅಂದರೆ ಮೂಲ ಪೆಟ್ಟಿಗೆಗೆ ಸೇರಿಸುವ ಹೆಚ್ಚುವರಿ ಎಲೆಗಳು, ಅವು ಮಾತ್ರ ಇದ್ದರೆ ಆಡಲು ಆಗುವುದಿಲ್ಲ. ನಮ್ಮ ಪಕ್ಕದ ವಿಂಗಿನವರು ಮಗನ ಹುಟ್ಟುಹಬ್ಬಕ್ಕೆ ಲೆಜೆಂಡರಿಯ ಡಾರ್ಕ್ ಸಿಟಿ ತಂದರು. ಪೆಟ್ಟಿಗೆ ದೊಡ್ಡದು, ಒಳಗೆ 350 ಎಲೆ. ಆದರೆ ಏಜೆಂಟರೂ ಇಲ್ಲ, ಹಾಸೂ ಇಲ್ಲ. ಅಂಗಡಿಯವರು ಹೇಳಿರಲಿಲ್ಲ, ವಾಪಸ್ಸೂ ತಗೊಳ್ಳಲಿಲ್ಲ. ಹುಡುಗ ನಮ್ಮ ಮನೆಗೆ ಬಂದು ನಮ್ಮ ಪೆಟ್ಟಿಗೆ ಜೊತೆ ಸೇರಿಸಿ ಆಡಿದ.

ಡಿಸಿಯಲ್ಲಿ 2014ರ ಹೀರೋಸ್ ಯುನೈಟ್ ಮತ್ತು ಫಾರೆವರ್ ಈವಿಲ್ ತಾವೇ ಪೂರ್ತಿ ಆಟಗಳು, ಮೂಲ ಪೆಟ್ಟಿಗೆ ಬೇಡ. 'ಕ್ರಾಸ್‌ಓವರ್ ಪ್ಯಾಕ್' ಅನ್ನುವ ಸಣ್ಣ ಪೆಟ್ಟಿಗೆಗಳಿಗೆ ಮೂಲ ಬೇಕು. ಡಿಸಿಯನ್ನೇ ಒಟ್ಟಾಗಿ ಆಡಬೇಕು ಅನ್ನುವವರಿಗೆ 'ಕ್ರೈಸಿಸ್' ಎಕ್ಸ್‌ಪ್ಯಾನ್ಶನ್ ಇದೆ, ಅದಕ್ಕೂ ಮೂಲ ಬೇಕು. ಮನೆಯಲ್ಲಿ ಆಡುವವರು ಗಂಡ ಹೆಂಡತಿ ಇಬ್ಬರೇ ಆದರೆ ಬ್ಯಾಟ್‌ಮ್ಯಾನ್ ಮತ್ತು ಜೋಕರ್ ಎದುರುಬದುರು ಆಡುವ 'ರೈವಲ್ಸ್' ಅಂತ ಇಬ್ಬರ ಆಟವೇ ಇದೆ.

ಎಕ್ಸ್‌ಪ್ಯಾನ್ಶನ್ ಮೊದಲ ತಿಂಗಳೇ ಕೊಳ್ಳಬೇಡಿ. ಮೂಲ ಪೆಟ್ಟಿಗೆಯಲ್ಲೇ ಹತ್ತಾರು ಆಟಕ್ಕೆ ಸಾಕಷ್ಟು ಇದೆ.

ಹಂತ 7: ಮೊದಲ ಆಟದಲ್ಲಿ ಈ ತಪ್ಪು ಮಾಡಬೇಡಿ

ಲೆಜೆಂಡರಿಯಲ್ಲಿ ವಿಲನ್‌ಗಳು ಪ್ರತಿ ಸರದಿಗೂ ನಡೆಯುವುದಿಲ್ಲ. ಹೊಸ ವಿಲನ್ ಒಳಗೆ ಬಂದು ತಳ್ಳಿದರೆ ಮಾತ್ರ ನಡೆಯುತ್ತಾರೆ. ಇದನ್ನು ತಪ್ಪಾಗಿ ಆಡಿ "ಆಟ ಬಹಳ ಕಷ್ಟ" ಅಂತ ಪೆಟ್ಟಿಗೆ ಮೂಲೆಗಿಟ್ಟವರನ್ನು ನೋಡಿದ್ದೇನೆ.

ನಡುವಿನ ಸಾಲು ತುಂಬುವುದರಲ್ಲೂ ವ್ಯತ್ಯಾಸ ಇದೆ. ಲೆಜೆಂಡರಿಯಲ್ಲಿ ಹೀರೋ ಕೊಂಡ ತಕ್ಷಣ ಆ ಜಾಗಕ್ಕೆ ಹೊಸ ಎಲೆ. ಡಿಸಿಯಲ್ಲಿ ಸರದಿ ಮುಗಿದ ಮೇಲೆ ಮಾತ್ರ. ಎರಡೂ ಆಡುವವರು ಇದನ್ನು ಬೆರೆಸಿಬಿಡುತ್ತಾರೆ.

ಉಳಿಸಿದ ಪವರ್ ಅಥವಾ ರಿಕ್ರೂಟ್ ಮುಂದಿನ ಸರದಿಗೆ ಉಳಿಯುವುದಿಲ್ಲ, ಆವತ್ತಿನದ್ದು ಆವತ್ತಿಗೇ.

ಹಂತ 8: ಮಳೆಗಾಲಕ್ಕೆ ಎಲೆ ಕಾಪಾಡಿ

ನಮ್ಮ ಕಡಲ ತೀರದ ತೇವ ಕಾಗದಕ್ಕೆ ಶತ್ರು. ಜೂನ್ ಬಂದರೆ ಎಲೆಗಳು ಹಪ್ಪಳದ ಹಾಗೆ ಬಾಗುತ್ತವೆ. ಬಾಗಿದ ಎಲೆ ಕಟ್ಟಿನಲ್ಲಿ ಗುರುತು ಸಿಕ್ಕಿಬಿಡುತ್ತದೆ, ಆಟ ಕೆಡುತ್ತದೆ. ಗೋವಾದವರಿಗಂತೂ ಇದು ಹೇಳಬೇಕಾಗಿಲ್ಲ.

'ಸ್ಲೀವ್' ಅಂದರೆ ಒಂದೊಂದು ಎಲೆಗೂ ಹಾಕುವ ತೆಳು ಪ್ಲಾಸ್ಟಿಕ್ ಚೀಲ. ಎರಡೂ ಆಟಕ್ಕೆ 63.5 × 88 ಮಿಲಿಮೀಟರ್ ಅಳತೆಯದ್ದು ಕೇಳಿ. ಲೆಜೆಂಡರಿಗೆ ನೂರರ ಐದು ಪ್ಯಾಕೆಟ್ ಬೇಕು, ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಡಿಸಿಯ ದೊಡ್ಡ ಹೀರೋ ಎಲೆಗಳು ಈ ಚೀಲದಲ್ಲಿ ಹಿಡಿಯುವುದಿಲ್ಲ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಎಸೆಯದೆ ಪೆಟ್ಟಿಗೆಯೊಳಗೆ ಹಾಕಿ, ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ.

ಲೆಜೆಂಡರಿ ಮುಗಿದ ಮೇಲೆ ಎಲೆ ಬೇರ್ಪಡಿಸುವ ಕೆಲಸವನ್ನು ಎಲ್ಲರಿಗೂ ಹಂಚಿ. ಒಬ್ಬರಿಗೆ ಹೀರೋ, ಒಬ್ಬರಿಗೆ ವಿಲನ್, ಅಜ್ಜಿಗೆ ಏಜೆಂಟರು. ಒಂದೊಂದು ಹೀರೋನ 14 ಎಲೆಗೆ ಒಂದು ರಬ್ಬರ್ ಬ್ಯಾಂಡ್ ಹಾಕುವ ಅಭ್ಯಾಸ ಬೇಡ, ಅಂಚು ಕತ್ತರಿಸುತ್ತದೆ. ಹಳೆಯ ಮದುವೆ ಆಮಂತ್ರಣದ ದಪ್ಪ ರಟ್ಟು ಕತ್ತರಿಸಿ ಹೀರೋ ಹೆಸರು ಬರೆದು ನಡುವೆ ನಿಲ್ಲಿಸಿ. ಮುಂದಿನ ಭಾನುವಾರ ಆಟ ಹೂಡಲು ಕಾಲು ಗಂಟೆ ಸಾಕಾಗುತ್ತದೆ.